ಮಿಂಚಿ ಮರೆಯಾಗುವ ದೋಷ

ನಮ್ಮ ಊರು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿಬಂದವರಿಗೆ ಈ ಹೆಸರು ಪರಿಚಿತವಾಗಿದ್ದೀತು. ನಿವೃತ್ತನಾದ ಮೇಲೆ ಅಲ್ಲಿನ ತುಂಡು ಜಮೀನಿನ ನೆಪದಲ್ಲಿ ಬೆಂಗಳೂರಿನಿಂದ ಹೋಗಿಬರುವುದು ನನ್ನ ರೂಢಿ. ಅದಕ್ಕೆಂದು ಒಂದು ಹಳೆಯ ಕಾರು, ಅದನ್ನು ನಡೆಸಲು ಊರಿನವನೇ ಆದ ಒಬ್ಬ ಹುಡುಗ. ಒಂದು ಸಂಜೆ ಅವನು ಬಂದು, “ಮೇಷ್ಟ್ರೇ, ಗಾಡಿ ದಾರೀಲಿ ತಾನಾಗೇ ನಿಂತುಬಿಡ್ತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದ್ರೆ ಏನೂ ಆಗದೇ ಇದ್ದಂಗೆ ಬಂತು” ಎಂದ. ಮರುವಾರವೂ ಅದೇ ಮಾತು. ನಾನು ಜೊತೆಯಲ್ಲಿ ಕುಳಿತು ಹೋದ ದಿನಗಳಲ್ಲಿ ಮಾತ್ರ ಕಾರು ಒಮ್ಮೆಯೂ ನಿಲ್ಲಲಿಲ್ಲ. ರಿಪೇರಿಗೆ ಬಿಟ್ಟಲ್ಲಿ ಎರಡು ದಿನ ಇಟ್ಟುಕೊಂಡು, ದೋಷವೇನೂ ಕಾಣುವುದಿಲ್ಲವೆಂದು ಹಿಂದಕ್ಕೆ ಕೊಟ್ಟರು. ತಡವಾಗಿ ಬಂದುದಕ್ಕೆ ಹುಡುಗ ಕಟ್ಟಿದ ಕಥೆಯಿರಬೇಕೆಂದು ನನಗನ್ನಿಸಿತು. ಅನ್ನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಅವನಿಗೆ ಕೇಳುವಂತೆ ಆಡಿಯೂಬಿಟ್ಟೆ. ತಿಂಗಳು ಕಳೆಯುವುದರೊಳಗೆ ಅವನು ಕೆಲಸ ಬಿಟ್ಟ.

ಹೀಗೆ ಬಂದು ಹೋಗುವ ವಿದ್ಯುತ್ ದೋಷವು ವಾಹನದಷ್ಟೇ ಹಳೆಯದು. ಅದನ್ನು ಹಿಡಿಯಲು ಮನುಷ್ಯ ಮಾಡಿದ ಪ್ರಯತ್ನದ ಚರಿತ್ರೆಯನ್ನು ನಾನು ಓದಹೊರಟದ್ದು, ನಿಜ ಹೇಳಬೇಕೆಂದರೆ, ಆ ಹುಡುಗನಿಂದಾಗಿ. ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರವಿಲ್ಲ.

ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್ನರ ಕೈಯಲ್ಲಿ ಬಹುಕಾಲ ಇದ್ದ ಸಾಧನವೆಂದರೆ ಎರಡು ತಂತಿ ಕಟ್ಟಿದ ಒಂದು ಸಣ್ಣ ಬಲ್ಬು, ಅದೇ ಟೆಸ್ಟ್ ಲ್ಯಾಂಪು. ಅನಂತರ ಮೀಟರು ಬಂದಿತು. ಎರಡೂ ಒಳ್ಳೆಯ ಸಾಕ್ಷಿಗಳೇ. ಆದರೆ ನಿಧಾನದ ಸಾಕ್ಷಿಗಳು. ಸಾಧಾರಣ ಡಿಜಿಟಲ್ ಮೀಟರು ಸೆಕೆಂಡಿಗೆ ಎರಡು ಮೂರು ಬಾರಿ ಅಂಕಿ ಬದಲಿಸುತ್ತದೆ. ನಡುವೆ ನಡೆದುದನ್ನೆಲ್ಲ ಸರಾಸರಿಯಲ್ಲಿ ಮುಳುಗಿಸಿಬಿಡುತ್ತದೆ. ಕೆರೆಯ ಮಟ್ಟವನ್ನು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡುವವನಿಗೆ, ಮಧ್ಯಾಹ್ನ ಯಾರೋ ತೂಬನ್ನು ಒಂದು ಗಳಿಗೆ ಎತ್ತಿ ಮುಚ್ಚಿದ್ದು ತಿಳಿಯುವುದೆಂತು?

ಗಳಿಗೆಯನ್ನು ಕಣ್ಣಿಗೆ ಕಾಣಿಸುವ ಯಂತ್ರವೇ ಆಸಿಲೋಸ್ಕೋಪ್. ಆಂದೋಲದರ್ಶಕ ಎಂದು ಕನ್ನಡಿಸಬಹುದು. ಗ್ಯಾರೇಜಿನವರು ‘ಸ್ಕೋಪು’ ಎನ್ನುತ್ತಾರೆ, ಅದೇ ವಾಸಿ. 1893ರಲ್ಲಿ ಫ್ರಾನ್ಸಿನ ಆಂದ್ರೆ ಬ್ಲಾಂಡೆಲ್, ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಅಲುಗುವ ಪುಟ್ಟ ಕನ್ನಡಿಯಿಂದ ಬೆಳಕಿನ ಗೆರೆ ಮೂಡಿಸುವ ಉಪಕರಣವನ್ನು ನಿರ್ಮಿಸಿದ. ಎಷ್ಟು ಪುಟ್ಟದಾದರೂ ಕನ್ನಡಿಗೆ ತೂಕವಿದೆ, ತೂಕವಿದ್ದುದು ತಡವರಿಸುತ್ತದೆ. 1897ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗಿನಲ್ಲಿ, ಕಾರ್ಲ್ ಫರ್ಡಿನಾಂಡ್ ಬ್ರಾನ್ ಕನ್ನಡಿಯ ಬದಲು ಕ್ಯಾಥೋಡ್ ಕಿರಣವನ್ನೇ ಲೇಖನಿಯಾಗಿ ಹಿಡಿದ. ಎರಡು ವರ್ಷಗಳ ತರುವಾಯ ಅವನ ಸಹಾಯಕ ಜೆನೆಕ್, ಕಿರಣವು ಎಡದಿಂದ ಬಲಕ್ಕೆ ಒಂದೇ ಸಮನೆ ಓಡುವಂತೆ ಮಾಡಿದ. ಪರದೆಯ ಮೇಲೆ ಕಾಲವೇ ಒಂದು ಗೆರೆಯಾಯಿತು.

ಸ್ಟ್ರಾಸ್‌ಬರ್ಗಿನಿಂದ ಹೆಚ್ಚು ದೂರವಲ್ಲದ ಸ್ಟುಟ್‌ಗಾರ್ಟಿನಲ್ಲಿ 1886ರಿಂದಲೂ ರಾಬರ್ಟ್ ಬಾಷ್‌ನ ಕಾರ್ಯಾಗಾರವಿತ್ತು. 1902ರಲ್ಲಿ ಅಲ್ಲಿನ ಗಾಟ್ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದ. ಕಿಡಿಯೂ ಕಿಡಿಯನ್ನು ನೋಡಬಲ್ಲ ಕಣ್ಣೂ ಹೀಗೆ ನೆರೆಹೊರೆಯಲ್ಲೇ ಹುಟ್ಟಿದುವಾದರೂ ಗ್ಯಾರೇಜಿನಲ್ಲಿ ಅವು ಸಂಧಿಸಲು ಅರ್ಧ ಶತಮಾನವೇ ಹಿಡಿಯಿತು. ಮೊದಲ ಸ್ಕೋಪುಗಳು ದುಬಾರಿ, ಚಂಚಲ. 1946ರಲ್ಲಿ ಅಮೆರಿಕದ ಆರಿಗಾನಿನಲ್ಲಿ ಹಾವರ್ಡ್ ವೋಲಮ್ ಮತ್ತು ಜಾಕ್ ಮರ್ಡಾಕ್ ಸೇರಿ ಕಟ್ಟಿದ ಟೆಕ್‌ಟ್ರಾನಿಕ್ಸ್, ಮರುವರ್ಷವೇ ಹೊರತಂದ ಯಂತ್ರಕ್ಕೆ ಕಾಯುವುದನ್ನು ಕಲಿಸಿತ್ತು. ಕಿರಣ ತನ್ನಷ್ಟಕ್ಕೆ ಓಡದೆ, ಅಲೆಯು ಗೊತ್ತುಮಾಡಿದ ಎತ್ತರ ಮುಟ್ಟುವವರೆಗೆ ಹೊಂಚಿ, ಆ ಕ್ಷಣದಲ್ಲೇ ಹೊರಡುತ್ತಿತ್ತು. ಅಲ್ಲಿಂದ ಮುಂದೆ ಅಮೆರಿಕದ ಗ್ಯಾರೇಜುಗಳಲ್ಲಿ ಬೀರುವಿನಷ್ಟು ದೊಡ್ಡ ಎಂಜಿನ್ ಪರೀಕ್ಷಾಯಂತ್ರಗಳು ಗಾಲಿಗಳ ಮೇಲೆ ಉರುಳಾಡಿದವು.

ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ. ಒಂದೊಂದು ಕಿಡಿಯ ಚಿತ್ರವೂ ಪರದೆಯ ಮೇಲೆ ಬಿಡಿಸಿಟ್ಟಂತೆ ಕಾಣುತ್ತಿತ್ತು: ಮೊದಲು ನೆಟ್ಟಗೆ ಏರುವ ಮೊನೆ, ಅನಂತರ ಕಿಡಿ ಉರಿಯುವಷ್ಟು ಹೊತ್ತಿನ ಚಪ್ಪಟೆ ಗೆರೆ, ಆಮೇಲೆ ಅಡಗುತ್ತ ಹೋಗುವ ಅಲೆಗಳು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗು ನಮ್ಮ ಹಳ್ಳಿಗಳನ್ನು ಬೇಗನೆ ತಲುಪಿತು, ಸ್ಕೋಪು ತಲುಪಲಿಲ್ಲ. ನಮ್ಮಲ್ಲಿ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಬಾನೆಟ್ಟಿಗೆ ಕಿವಿಗೊಟ್ಟು ಲಯ ತಪ್ಪಿದ್ದನ್ನು ಗುರುತಿಸುತ್ತಿದ್ದರು. ಅಂಥ ಕಿವಿಗಳನ್ನು ನಾನು ಬಲ್ಲೆ. ಅವುಗಳ ಬಗ್ಗೆ ಹಗುರವಾಗಿ ಮಾತನಾಡಲಾರೆ.

ಆದರೂ ಹಳೆಯ ಸ್ಕೋಪಿಗೆ ಒಂದು ಕೊರತೆಯಿತ್ತು. ಮತ್ತೆ ಮತ್ತೆ ಬರುವ ಅಲೆ ಅದಕ್ಕೆ ಕಾಣುತ್ತಿತ್ತು; ಒಮ್ಮೆ ಬಂದು ಹೋದದ್ದು ಕಣ್ಣೆವೆಯಿಕ್ಕುವಷ್ಟರಲ್ಲಿ ಆರಿಹೋಗುತ್ತಿತ್ತು. ಚಿತ್ರವನ್ನು ಉಳಿಸಿಕೊಳ್ಳುವ ಪರದೆಗಳು 1960ರ ದಶಕದಲ್ಲಿ ಬಳಕೆಗೆ ಬಂದವು. 1970ರ ದಶಕದಿಂದ ಅಲೆಯನ್ನು ಅಂಕಿಗಳಾಗಿ ಬರೆದಿಡುವ ಯಂತ್ರಗಳು. ಇಂದಿನ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ ಅಳೆಯುತ್ತದೆ. ಅದರ ನಡತೆ ನನಗೆ ಬಹು ಸೋಜಿಗವೆನಿಸಿತು. ಅದು ಸದಾ ಬರೆಯುತ್ತಿರುತ್ತದೆ, ಹಳೆಯದನ್ನು ಸದಾ ಅಳಿಸುತ್ತಿರುತ್ತದೆ. ನಾವು ಹೇಳಿಟ್ಟ ಅಪಚಾರ ನಡೆದೊಡನೆ ಅಳಿಸುವುದನ್ನು ನಿಲ್ಲಿಸಿಬಿಡುತ್ತದೆ. ಹೀಗಾಗಿ ದೋಷವಷ್ಟೇ ಅಲ್ಲ, ದೋಷಕ್ಕೆ ಮುಂಚಿನ ಗಳಿಗೆಯೂ ಉಳಿದಿರುತ್ತದೆ.

ಈ ಗುಣ ಅನಿವಾರ್ಯವಾದದ್ದು ವಾಹನವೇ ಬದಲಾದಾಗ. 2000ದ ಸುಮಾರಿಗೆ ನಮ್ಮ ಕಾರುಗಳಲ್ಲಿ ಕಾರ್ಬುರೇಟರು ಮರೆಯಾಗತೊಡಗಿ, ಇಂಧನವನ್ನು ಅಳೆದು ಚಿಮ್ಮಿಸುವ ಕೆಲಸ ಪುಟ್ಟ ಕಂಪ್ಯೂಟರಿನ ಪಾಲಾಯಿತು. 1986ರಲ್ಲಿ ಬಾಷ್ ಸಂಸ್ಥೆ ಡೆಟ್ರಾಯಿಟಿನಲ್ಲಿ ಪ್ರಕಟಿಸಿದ ‘ಕ್ಯಾನ್’ ವ್ಯವಸ್ಥೆಯಲ್ಲಿ ಎರಡೇ ತಂತಿಗಳ ಮೇಲೆ ಇಂಥ ಅನೇಕ ಕಂಪ್ಯೂಟರುಗಳು ಸಂಭಾಷಿಸುತ್ತವೆ; ವೇಗದ ಜಾಲದಲ್ಲಿ ಒಂದು ‘ಅಕ್ಷರ’ದ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ. ಅಲ್ಲಿ ಕಿವಿಗೆ ಏನು ಕೆಲಸ? ಕಂಪ್ಯೂಟರು ದೋಷವನ್ನು ಸಂಕೇತದಲ್ಲಿ ಹೇಳುತ್ತದೆ ನಿಜ. ಅದು ಹೇಳುವುದು ‘ಇಂಥವನಿಂದ ಸುದ್ದಿ ಬರಲಿಲ್ಲ’ ಎಂದಷ್ಟೇ. ಸುದ್ದಿ ಕಳಿಸುವವನು ಸತ್ತನೋ, ದಾರಿ ಕಡಿಯಿತೋ ಅದಕ್ಕೆ ತಿಳಿಯದು. ಸಂಕೇತವನ್ನೇ ತೀರ್ಪೆಂದು ನಂಬಿ ಒಂದಾದ ಮೇಲೊಂದು ಬಿಡಿಭಾಗ ಬದಲಿಸಿ, ಗಿರಾಕಿಯ ಹಣವನ್ನೂ ತಮ್ಮ ಹೆಸರನ್ನೂ ಕಳೆದುಕೊಂಡವರು ಕಡಿಮೆಯಲ್ಲ.

ಹುಡುಗ ಹೋದ ಮೇಲೆ ಕಾರು ನನ್ನ ಕೈಯಲ್ಲೇ ನಿಂತಿತು, ನಡುಮಧ್ಯಾಹ್ನ, ಊರ ಹೊರಗೆ. ಕೊನೆಗೆ ಪರಿಚಿತರೊಬ್ಬರು ಸ್ಕೋಪು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಒಬ್ಬನ ಬಳಿಗೆ ಕಳಿಸಿದರು. ಎಂಜಿನ್ನಿನ ತಿರುಗಾಟವನ್ನು ಕಂಪ್ಯೂಟರಿಗೆ ತಿಳಿಸಲು 60 ಹಲ್ಲಿನ ಜಾಗದಲ್ಲಿ 58 ಮಾತ್ರ ಇರುವ ಒಂದು ಚಕ್ರವಿದೆ. ಎರಡು ಹಲ್ಲಿಲ್ಲದ ಸಂದು ಬಂದಾಗ ಒಂದು ಸುತ್ತಾಯಿತೆಂದು ಲೆಕ್ಕ. ಪಕ್ಕದ ಸೆನ್ಸರಿನಲ್ಲಿ ಒಂದೊಂದು ಹಲ್ಲಿಗೂ ಒಂದೊಂದು ಅಲೆ ಏಳುತ್ತದೆ. ಆತ ಆ ತಂತಿಗೆ ಸ್ಕೋಪು ತಗುಲಿಸಿ, ಎಂಜಿನ್ನು ಚೆನ್ನಾಗಿ ಕಾಯುವವರೆಗೆ ಓಡಿಸಿ, ತಂತಿಯನ್ನು ಮೆಲ್ಲಗೆ ಅಲುಗಿಸುತ್ತ ಬಂದ. ಸಾಲಾಗಿ ಸಾಗುತ್ತಿದ್ದ ಅಲೆಗಳು ಒಂದೆಡೆ ಥಟ್ಟನೆ ಅಳಿಸಿಹೋಗಿ ಗೆರೆ ಚಪ್ಪಟೆಯಾಯಿತು, ಎಂಜಿನ್ನು ನಿಂತಿತು. ಮೇಲಿನ ಹೊದಿಕೆ ನೆಟ್ಟಗಿದ್ದು ಒಳಗೆ ಎಳೆಗಳು ತುಂಡಾಗಿದ್ದವು. ಕಾವೇರಿದಾಗ ಬಿಡುವುದು, ಆರಿದಾಗ ಕೂಡುವುದು. ನಾನು ಹೋಗುತ್ತಿದ್ದುದು ಬೆಳಗಿನ ತಂಪಿನಲ್ಲಿ. ಹುಡುಗ ಬರಿಗಾಡಿ ತರುತ್ತಿದ್ದುದು ಬಿಸಿಲಿನಲ್ಲಿ. ಒಂದು ಗೇಣು ತಂತಿಯಲ್ಲಿ ಕೆಲಸ ಮುಗಿಯಿತು.

ಆ ಪರದೆಯ ಚಿತ್ರವನ್ನು ಕಾಗದದ ಮೇಲೆ ಬರೆಸಿಕೊಂಡು ತೂಬಗೆರೆಯಲ್ಲಿ ಅವನ ಮನೆಗೆ ಹೋದೆ. ಅವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟ. “ನಾನು ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ” ಎಂದು, ಒಳಗೆ ತಿರುಗಿ ತಾಯಿಗೆ ಕಾಫಿ ಇಡಲು ಹೇಳಿದ.