ಬೆಣ್ಣೆ ಚಾವಡಿಯ ಊರಲ್ಲಿ ವೀಗನ್ ಆಗೋದು

ಭಾಗ 1/5 | ಒಂದು ಲೋಟ ಕಾಫಿ

ಹೋದ ದಸರಾ ರಜೆಗೆ ಊರಿಗೆ ಹೋಗಿದ್ದೆ. ಅವ್ವ ಕಾಫಿ ತಂದುಕೊಟ್ಟಳು. "ನಾನೀಗ ವೀಗನ್ ಕಣವ್ವ, ಹಾಲು ಬೇಡ" ಅಂದೆ. ಹಂಗಂದ್ರೇನು ಅಂದಳು. ಮಾಂಸ, ಮೊಟ್ಟೆ ಅಷ್ಟೇ ಅಲ್ಲ. ಹಾಲು, ಮೊಸರು, ತುಪ್ಪ, ಜೇನು, ರೇಷ್ಮೆ, ಚರ್ಮದ ಚಪ್ಪಲಿ ಯಾವುದೂ ಇಲ್ಲ ಅಂತ ಪಾಠ ಮಾಡಿದೆ. ಎಲ್ಲಾ ಕೇಳಿಸ್ಕೊಂಡು ಒಂದೇ ಮಾತು ಕೇಳಿದಳು: "ಸರಿ ಮಗ. ಈ ಸಲ ನಿನ್ನ ಫೀಸು ಕಟ್ಟಿದ್ದು ಡೈರಿ ಬಟವಾಡೆ ದುಡ್ಡಲ್ಲಿ. ಅದನ್ನೇನು ಮಾಡಾನ?"

ಬಾಯಿ ಕಟ್ಟೋಯ್ತು. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಇತಿಹಾಸ ಓದೋಕೆ ಶುರು ಮಾಡಿದೆ. ಸಿಕ್ಕಿದ್ದನ್ನ ಐದು ಭಾಗದಲ್ಲಿ ಹಾಕ್ತಿದ್ದೀನಿ.

'ವೀಗನ್' ಅನ್ನೋ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಜೊತೆಗಾರರು, ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಒಂದು ಹೆಸರು ಬೇಕು ಅಂತ ಇಟ್ಟಿದ್ದು. ಪದ ಹೊಸದು. ಆದ್ರೆ ಪ್ರಾಣಿಗೂ ನಮಗೂ ಇರೋ ಲೆಕ್ಕಾಚಾರ ನಮ್ಮೂರಲ್ಲಿ ತುಂಬಾ ಹಳೇದು.

ಭಾಗ 2/5 | ತಟ್ಟೆ ಸುಲಭ

ಮೊದಲು ಖುಷಿ ವಿಷಯ. ನಮ್ಮ ಕಡೆ ವೀಗನ್ ಊಟಕ್ಕೆ ದುಬಾರಿ ಬಾದಾಮಿ ಹಾಲು, ಓಟ್ಸ್ ಹಾಲು ಬೇಕಾಗೇ ಇಲ್ಲ. ರಾಗಿ ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿಕಾಳು ಸಾರು, ಹುಚ್ಚೆಳ್ಳು ಚಟ್ನಿ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಒಗ್ಗರಣೆಗೆ ಎಣ್ಣೆ ಹಾಕಿದರೆ ಇದೆಲ್ಲಾ ವೀಗನ್ನೇ. ಬಡವರ ಮನೇಲಿ ತುಪ್ಪ ಹಬ್ಬಕ್ಕೆ ಮಾತ್ರ ಬರ್ತಿತ್ತು. ಅವರು ಯಾವ ಹೆಸರೂ ಇಟ್ಕೊಳ್ಳದೆ ವರ್ಷದ ಬಹುಪಾಲು ದಿನ ಹೀಗೇ ಉಂಡಿದ್ದಾರೆ. ಅದು ಆಯ್ಕೆ ಅಲ್ಲ, ಇಲ್ಲದಿದ್ದಕ್ಕೆ ಉಂಡಿದ್ದು. ಈ ವ್ಯತ್ಯಾಸ ನೆನಪಿರಲಿ.

ಹಾಲಿಲ್ಲದೆ ಕ್ಯಾಲ್ಸಿಯಂ ಹೆಂಗೆ ಅಂತ ಕೇಳೋರಿಗೆ: 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಹಸುವಿನ ಹಾಲಲ್ಲಿ ಸುಮಾರು 120. ರಾಗೀದು ಅಷ್ಟೂ ಮೈಗೆ ಹತ್ತಲ್ಲ, ಆದ್ರೂ ಕಮ್ಮಿ ಏನಲ್ಲ. ನಿಜವಾದ ತೊಂದರೆ ವಿಟಮಿನ್ ಬಿ12. ಇದನ್ನ ತಯಾರು ಮಾಡೋದು ಬ್ಯಾಕ್ಟೀರಿಯಾ. ಸೊಪ್ಪು, ಕಾಳಲ್ಲಿ ಸಿಗಲ್ಲ. ವಿಜ್ಞಾನಿಗಳು ಇದನ್ನ ಬೇರ್ಪಡಿಸಿದ್ದೇ 1948ರಲ್ಲಿ. ಹಾಗಾಗಿ ಕಟ್ಟುನಿಟ್ಟಾಗಿ ವೀಗನ್ ಆಗೋರು ಡಾಕ್ಟರ್ ಕೇಳಿ ಬಿ12 ಮಾತ್ರೆ ತಗೊಳ್ಳಲೇಬೇಕು. ಸುಮ್ನೆ ಹಟಕ್ಕೆ ಬಿದ್ದು ನರ ಹಾಳು ಮಾಡ್ಕೋಬೇಡಿ.

ಭಾಗ 3/5 | ಬೆಣ್ಣೆಯಿಂದ ಫಿರಂಗಿಗೆ

ತಟ್ಟೆ ಸುಲಭ ಅಂದೆ. ಈಗ ಕೊಟ್ಟಿಗೆಗೆ ಬನ್ನಿ.

ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಅರಮನೆಗೆ ಹಾಲು ಬೆಣ್ಣೆ ಒದಗಿಸೋಕೆ ದನಗಳ ಒಂದು ಇಲಾಖೆ ಮಾಡಿದ್ರು. ಹೆಸರು 'ಬೆಣ್ಣೆ ಚಾವಡಿ'. ಎಷ್ಟು ಮುದ್ದಾದ ಹೆಸರು ಅಲ್ವಾ? ಹೈದರಾಲಿ ಕಾಲಕ್ಕೆ ಅದೇ ದನಗಳ ಎತ್ತುಗಳು ಫಿರಂಗಿ, ಮದ್ದುಗುಂಡು ಎಳೆದುವು. ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಅಂತ ಹೆಸರಿಟ್ಟ. ಮೇಯೋಕೆ ಮೀಸಲಿಟ್ಟ ಹುಲ್ಲುಗಾವಲುಗಳೇ 'ಕಾವಲ್'ಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಈ ದನಗಳ ಮೇಲೂ ಬ್ರಿಟಿಷರ ಕಣ್ಣು ಬಿತ್ತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನೋ ಅಧಿಕಾರಿ ಕೈಗೆ ಉಸ್ತುವಾರಿ ಹೋಯ್ತು. ಅಮೃತ್ ಮಹಲ್‌ನ ಕೇಂದ್ರ ಕಚೇರಿ ಇದ್ದಿದ್ದು ಎಲ್ಲಿ ಗೊತ್ತಾ? ನಮ್ಮ ಹುಣಸೂರಲ್ಲಿ!

ಅದೇ ಹುಣಸೂರಲ್ಲಿ 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಸರಬರಾಜು ಮಾಡೋ ಇಲಾಖೆಯ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ ಎರಡೂ ಇದ್ದವು. ಅಂದ್ರೆ ಹಾಲು, ದುಡಿಮೆ, ಉಣ್ಣೆ, ಕೊನೆಗೆ ತೊಗಲು, ಎಲ್ಲಾ ಒಂದೇ ಊರಲ್ಲಿ ಲೆಕ್ಕದ ಪುಸ್ತಕಕ್ಕೆ ಏರ್ತಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಚರ್ಮದ ಕೆಲಸ ಮಾಡಿದವರನ್ನ ನಮ್ಮ ಸಮಾಜ ಊರಾಚೆ ಇಟ್ಟಿತ್ತು. ಆ ಚರ್ಮ ಮೆಟ್ಟಿದವರು ಮಾತ್ರ ಊರೊಳಗೇ ಇದ್ದರು. 'ನಾನು ಶುದ್ಧ, ನೀನಲ್ಲ' ಅನ್ನೋ ಆಟ ಇಲ್ಲಿ ಶತಮಾನಗಳಿಂದ ನಡೆದಿದೆ. ವೀಗನ್ ಆದವರು ಕ್ಲಾಸಲ್ಲಿ ಬಾಡೂಟ ಮಾಡೋ ಗೆಳೆಯರ ಡಬ್ಬಿ ನೋಡಿ ಮೂಗು ಮುರಿದರೆ, ಅದು ಕರುಣೆ ಅಲ್ಲ, ಹಳೇ ಮಡಿಗೇ ಹೊಸ ಹೆಸರು. ನಾನೂ ಒಂದು ಸಲ ಹಂಗೆ ಮಾಡಿದ್ದೀನಿ. ತಪ್ಪಾಯ್ತು ಕಣ್ರೋ.

ಭಾಗ 4/5 | ಹೊಲ ಕಷ್ಟ

ನಾನು ಉಣ್ಣೋ ರಾಗಿ ವೀಗನ್. ಆದ್ರೆ ಆ ರಾಗಿ ಬೆಳೆದ ಹೊಲಕ್ಕೆ ಬಿದ್ದಿದ್ದು? ಕೊಟ್ಟಿಗೆ ಗೊಬ್ಬರ! ಕೆ.ಆರ್. ನಗರದ ಗದ್ದೆ ಬಯಲನ್ನ ತಲೆಮಾರುಗಳ ಕಾಲ ಉತ್ತಿದ್ದು ಎತ್ತುಗಳು. ಸಂಕ್ರಾಂತಿ ಆಸುಪಾಸು ಚುಂಚನಕಟ್ಟೆ ಜಾತ್ರೆಗೆ ಹೋಗಿ ನೋಡಿ, ಹಳ್ಳಿಕಾರ್ ಜೋಡಿಗಳ ಕೊಂಬಿಗೆ ಮಾಡೋ ಸಿಂಗಾರ ನೋಡೋಕೆ ಎರಡು ಕಣ್ಣು ಸಾಲದು.

ಹಿಂದೆ ಹಸು ಗಂಡು ಕರು ಹಾಕಿದರೂ ಮನೇಲಿ ಸಂತೋಷ ಇತ್ತು. ನಾಳೆ ನೊಗಕ್ಕೆ ಬರುತ್ತೆ ಅಂತ. 1970ರ ದಶಕದಿಂದ ಹಾಲಿನ ಸಹಕಾರ ಸಂಘಗಳು ಬಂದುವು, ಜೊತೆಗೆ ಹೆಚ್ಚು ಹಾಲು ಕೊಡೋ ಸೀಮೆ ಹಸು. ಆಮೇಲೆ ಟ್ರ್ಯಾಕ್ಟರ್. ಡೈರಿ ದುಡ್ಡು ಎಷ್ಟೋ ಹೆಣ್ಣುಮಕ್ಕಳ ಕೈಗೆ ನೇರ ಬಂತು, ಅದು ಸಣ್ಣ ಮಾತಲ್ಲ. ಆದ್ರೆ ಸೀಮೆ ಹಸುವಿನ ಗಂಡು ಕರುವಿಗೆ ಈಗ ಹೊಲದಲ್ಲೂ ಕೆಲಸ ಇಲ್ಲ, ಡೈರಿಯಲ್ಲೂ ಇಲ್ಲ. ಅದು ಎಲ್ಲಿಗೆ ಹೋಗುತ್ತೆ ಅಂತ ಯಾವ ಮನೇಲೂ ಜೋರಾಗಿ ಮಾತಾಡಲ್ಲ. ನಾನು ಹಾಲು ಬಿಟ್ಟಿದ್ದು ಆ ಮೌನಕ್ಕೆ.

ಹಂಗಂತ 'ಸಸ್ಯ' ಅಂದಾಕ್ಷಣ ಎಲ್ಲಾ ಒಳ್ಳೇದು ಅಂತಾನೂ ಅಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಇರೋ ವರ್ಜೀನಿಯಾ ಹೊಗೆಸೊಪ್ಪು ಪಕ್ಕಾ ವೀಗನ್ ಬೆಳೆ! ಅದನ್ನ ಹದ ಮಾಡೋಕೆ ಬ್ಯಾರನ್‌ಗಳಲ್ಲಿ ರಾಶಿ ರಾಶಿ ಸೌದೆ ಉರೀತದೆ. ಸೊಪ್ಪು ಮುರಿಯೋರ ಕೈಗೆ ನಿಕೋಟಿನ್ ಅಂಟುತ್ತೆ. ಪ್ರಾಣಿ ಮುಟ್ಟದ ಬೆಳೆ ಮನುಷ್ಯರನ್ನೂ ಕಾಡನ್ನೂ ಮುಟ್ಟಿದೆ.

ಭಾಗ 5/5 | ಜೇನು, ಮತ್ತೆ ಅವ್ವ

ಜೇನು ಬಿಡೋದು ನನಗೆ ಸುಲಭ. ಅಂಗಡಿ ಬಾಟ್ಲಿ ಕೊಳ್ಳದಿದ್ರೆ ಆಯ್ತು. ಆದ್ರೆ ಎಚ್.ಡಿ. ಕೋಟೆ, ಹುಣಸೂರು ಕಾಡಂಚಿನ ಹಾಡಿಗಳಲ್ಲಿರೋ ಜೇನು ಕುರುಬರ ಹೆಸರಲ್ಲೇ ಜೇನಿದೆ. ಮರ ಹತ್ತಿ ಹೆಜ್ಜೇನು ಇಳಿಸೋದು ಅವರಿಗೆ ಬರೀ ಸಂಪಾದನೆ ಅಲ್ಲ, ಕಾಡಿನ ಜೊತೆಗಿನ ನೆಂಟಸ್ತಿಕೆ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಪ್ರಾಣಿ ಉಳಿಸೋ ಹೆಸರಲ್ಲಿ ಎಷ್ಟೋ ಕುಟುಂಬಗಳು ಕಾಡು ಬಿಟ್ಟು ಹೊರಗೆ ಬರಬೇಕಾಯ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಮೇಲೂ ತಮ್ಮ ಹಕ್ಕಿಗಾಗಿ ಅವರು ಇನ್ನೂ ಹೋರಾಡ್ತಿದ್ದಾರೆ. ಅವರ ಮುಂದೆ ನಿಂತು 'ಜೇನು ತೆಗೆಯೋದು ಹಿಂಸೆ' ಅಂತ ಹೇಳೋ ಧೈರ್ಯ ನನಗಿಲ್ಲ. ಇರಬಾರದು ಕೂಡ.

ಹಾಗಾದ್ರೆ ವೀಗನ್ ಆಗೋದು ಸುಳ್ಳಾ? ಅಲ್ಲ. ನನ್ನ ತಟ್ಟೆ ನನ್ನ ಕೈಲಿದೆ, ಅಷ್ಟು ನಾನು ಮಾಡ್ತೀನಿ. ಆದ್ರೆ ನನ್ನ ತಟ್ಟೆ ಖಾಲಿ ಮಾಡಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ. ಹಸುವಿನ ಋಣ, ಅವ್ವನ ಋಣ, ಸೊಪ್ಪು ಮುರಿದವರ ಋಣ, ಕಾಡು ಕಳ್ಕೊಂಡವರ ಋಣ ಎಲ್ಲಾ ಇನ್ನೂ ಹಂಗೇ ಇದೆ.

ಈಗ ರಜೆಗೆ ಹೋದಾಗ ಕರಿ ಕಾಫಿ ಕುಡೀತೀನಿ. ಬೆಳಿಗ್ಗೆ ಎದ್ದು ಅವ್ವನ ಹಾಲಿನ ಕ್ಯಾನು ಡೈರಿಗೆ ಹೊತ್ಕೊಂಡು ಹೋಗೋದೂ ನಾನೇ. ಹೋದ ತಿಂಗಳು ಹಸು ಗಂಡು ಕರು ಹಾಕ್ತು. "ಇದನ್ನ ಕೊಡೋದು ಬೇಡ ಕಣವ್ವ" ಅಂದೆ. "ಮೇವಿಗೆ ನೀನು ದುಡ್ಡು ಕಳಿಸ್ತೀಯಾ?" ಅಂದಳು. ಪಾರ್ಟ್ ಟೈಮ್ ಕೆಲಸ ಹುಡುಕ್ತಿದ್ದೀನಿ.

ನಿಮ್ಮ ಮನೇಲಿ ಗಂಡು ಕರು ಹುಟ್ಟಿದರೆ ಏನ್ ಮಾಡ್ತೀರಿ? ಸುಳ್ಳು ಹೇಳದೆ ಕಾಮೆಂಟಲ್ಲಿ ಬರೀರಿ. ಅಜ್ಜಿ ತಾತನ್ನೂ ಕೇಳಿ ಬರೀರಿ.

#ನಮ್ಮೂರಇತಿಹಾಸ #ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ವೀಗನ್ #ಅಮೃತ್‌ಮಹಲ್