ಡಬ್ಬಿಯಲ್ಲಿ ಉಳಿದ ಚರಿತ್ರೆ

ಮೊನ್ನೆ ಪುಲಿಕೇಶಿನಗರದ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ದೊರೆಯಿತು. ಒಳಗೆ ಗೋಲ್ಡ್ ಸ್ಪಾಟ್, ಥಮ್ಸ್ ಅಪ್ ಬಾಟಲಿಗಳ ಮುಚ್ಚಳಗಳು! ಎಂಬತ್ತರ ದಶಕದಲ್ಲಿ, ಪಾಠದ ನಡುವೆ, ವಿದ್ಯಾರ್ಥಿಯೊಬ್ಬನಿಂದ ನಾನೇ ಕಸಿದುಕೊಂಡಿದ್ದವು.

ಅಂದು ಅವನ್ನು ಕಸವೆಂದೇ ಬಗೆದಿದ್ದೆ. ಇಂದು ನೋಡಿದರೆ ನಾನು ಕಲಿಸುತ್ತಿದ್ದ ಚರಿತ್ರೆ ಅವನ ಕಿಸೆಯಲ್ಲಿಯೇ ಇತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು. ಪಾಲನ್ನೂ ತಯಾರಿಕೆಯ ಗುಟ್ಟನ್ನೂ ಬಿಟ್ಟುಕೊಡಲೊಪ್ಪದ ಕೋಕಾ ಕೋಲಾ 1977ರಲ್ಲಿ ದೇಶವನ್ನು ತೊರೆಯಿತು. ಆಗಿನ ಕೈಗಾರಿಕಾ ಸಚಿವರು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ತೆರವಾದ ಜಾಗಕ್ಕೆ ಸರ್ಕಾರದ ಡಬಲ್ ಸೆವೆನ್, ಪಾರ್ಲೆಯ ಥಮ್ಸ್ ಅಪ್, ಕ್ಯಾಂಪಾ ಕೋಲಾ ಬಂದವು. ಅಂಗಡಿಗಳ ತಗಡಿನ ಫಲಕಗಳೂ ಬದಲಾದವು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಪಾರ್ಲೆಯ ಪಾನೀಯಗಳನ್ನೇ ಕೊಂಡಿತು. ಗೋಲ್ಡ್ ಸ್ಪಾಟ್ ಕ್ರಮೇಣ ಮರೆಯಾಯಿತು.

ಆ ಫಲಕ, ಮುಚ್ಚಳಗಳನ್ನು ಸಂಗ್ರಾಹಕರು ಈಗ ಹಣ ಕೊಟ್ಟು ಕೊಳ್ಳುತ್ತಾರೆ. ಫ್ರೇಜರ್ ಟೌನ್ ಪುಲಿಕೇಶಿನಗರವಾದ ಮೇಲೂ ಹಳೆಯ ಹೆಸರು ಜನರ ನಾಲಿಗೆಯಲ್ಲಿ ಉಳಿದಿದೆ. ಪಾನೀಯದ ಹೆಸರು ಉಳಿಯಲು ಇಂತಹ ಒಂದು ಡಬ್ಬಿಯೇ ಬೇಕಾಯಿತು.

ಆ ಹುಡುಗ ಇದನ್ನು ಓದುತ್ತಿದ್ದರೆ ಒಮ್ಮೆ ಮನೆಗೆ ಬರಲಿ. ಡಬ್ಬಿಯನ್ನು ಹಿಂದಿರುಗಿಸಬೇಕಾಗಿದೆ, ಮೇಷ್ಟ್ರು ಕ್ಷಮೆಯನ್ನೂ ಕೇಳಬೇಕಾಗಿದೆ.