ಮೊಳಕೆಯಲ್ಲೇ ಮಾರಿದ ಪೈರು: ಬೇ ಏರಿಯಾದ ಹಾಕಿಯ ಕಥೆ

ಹಾಕಿ ಎಂದೊಡನೆ ನಮ್ಮ ಪೀಳಿಗೆಯವರ ಕಣ್ಣ ಮುಂದೆ ಬರುವುದು ಹುಲ್ಲಿನ ಮೈದಾನ, ತುದಿ ಬಾಗಿದ ಮರದ ಕೋಲು, ರೇಡಿಯೋದಲ್ಲಿ ಏದುಸಿರು ಬಿಡುತ್ತಿದ್ದ ವೀಕ್ಷಕ ವಿವರಣೆ. ಮಂಜುಗಡ್ಡೆಯ ಮೇಲೆ ಕತ್ತಿಯಂಥ ಬೂಟು ತೊಟ್ಟು, ರಬ್ಬರಿನ ಬಿಲ್ಲೆಯೊಂದನ್ನು ಅಟ್ಟಿಸಿಕೊಂಡು ಹೋಗುವುದಕ್ಕೂ ಹಾಕಿ ಎಂದೇ ಹೆಸರು ಎಂಬುದು ನಮಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಕೂಟದ ಹುಟ್ಟುಹಬ್ಬದ ಸಂಚಿಕೆಯಲ್ಲಿ ಇದರ ಮಾತೇಕೆ ಎಂದು ಹುಬ್ಬೇರಿಸುವ ಓದುಗರಿಗೆ ಒಂದು ನೆಪ ಹೇಳಿಬಿಡುತ್ತೇವೆ. ನಮ್ಮ ಕೂಟ ಹುಟ್ಟಿದ್ದು 1973ರಲ್ಲಿ. ಅದೇ ವರ್ಷ ಕೊಡಗಿನ ಎಂ. ಪಿ. ಗಣೇಶ್ ಅವರ ನಾಯಕತ್ವದಲ್ಲಿ ಭಾರತ ತಂಡ ವಿಶ್ವಕಪ್ ಫೈನಲ್ ತಲುಪಿ, ಹಾಲೆಂಡಿಗೆ ಪೆನಾಲ್ಟಿ ಹೊಡೆತಗಳಲ್ಲಿ ಸೋತು ಬೆಳ್ಳಿ ತಂದಿತು. ಅದೇ ವರ್ಷ ನಮ್ಮ ನೆರೆಯ ಓಕ್ಲೆಂಡಿನಲ್ಲಿ ಒಂದು ಐಸ್ ಹಾಕಿ ತಂಡ ಖಾಲಿ ಕುರ್ಚಿಗಳ ಎದುರು ಆಡುತ್ತಿತ್ತು. ಅದರ ಹೆಸರು ಕ್ಯಾಲಿಫೋರ್ನಿಯಾ ಗೋಲ್ಡನ್ ಸೀಲ್ಸ್.

ಈ ಸೀಲ್ಸ್ ತಂಡ 1967ರಲ್ಲಿ ಆರಂಭವಾದದ್ದು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 1970ರಲ್ಲಿ ತಂಡವನ್ನು ಕೊಂಡ ಚಾರ್ಲಿ ಫಿನ್ಲಿ ಎಂಬ ಧಣಿ ಆಟಗಾರರಿಗೆ ಬಿಳಿಯ ಬೂಟು ತೊಡಿಸಿದ. ಆಟ ಸುಧಾರಿಸಲಿಲ್ಲ, ಬೂಟಿಗೆ ಬಣ್ಣ ಬಳಿಯುವ ಕೆಲಸ ಮಾತ್ರ ಹೆಚ್ಚಾಯಿತು. ಆದರೆ ತಂಡದ ಹಣೆಬರಹ ಅವನು ಬರುವ ಮುಂಚೆಯೇ, ಆ ವರ್ಷದ ಮೇ ತಿಂಗಳಲ್ಲೇ ಬರೆದಾಗಿತ್ತು.

ಅದನ್ನು ತಿಳಿಯಲು ಇಲ್ಲಿನ ಪದ್ಧತಿ ಸ್ವಲ್ಪ ಗೊತ್ತಿರಬೇಕು. ಹದಿನೆಂಟು ತುಂಬಿದ ಹುಡುಗರನ್ನು ವರ್ಷಕ್ಕೊಮ್ಮೆ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆಗೆಲ್ಲ ಕಡೆಯ ಸ್ಥಾನದವರಿಗೆ ಮೊದಲ ಸರದಿ. ಬೇಕೆಂದೇ ಸೋಲುವವರು ಹೆಚ್ಚಾದಾರೆಂದು 1995ರಿಂದ ಲಾಟರಿ ಚೀಟಿಯನ್ನೂ ಸೇರಿಸಿದ್ದಾರೆ. ವಿಚಿತ್ರವೆಂದರೆ ಈ ಸರದಿಯನ್ನೇ ಮಾರಬಹುದು. ಇನ್ನೂ ಯಾರೆಂದು ಗೊತ್ತಿರದ, ಮುಂದಿನ ವರ್ಷ ಆರಿಸಬೇಕಾದ ಹುಡುಗನನ್ನು ಇವತ್ತೇ ಕೊಟ್ಟು, ಆಡಲು ಸಿದ್ಧನಿರುವ ಆಟಗಾರನನ್ನು ತರಬಹುದು. ನಮ್ಮ ರೈತರು ಸಾಲಗಾರನಿಗೆ ಮೊಳಕೆಯಲ್ಲೇ ಪೈರು ಬರೆದುಕೊಡುತ್ತಿದ್ದರಲ್ಲ, ಅದೇ ವ್ಯವಹಾರ.

ಸೀಲ್ಸ್ ಮಾಡಿದ್ದು ಅದನ್ನೇ. 1971ರ ತಮ್ಮ ಮೊದಲ ಸರದಿಯನ್ನು ಮಾಂಟ್ರಿಯಲ್ ತಂಡಕ್ಕೆ ಕೊಟ್ಟು ಅರ್ನಿ ಹಿಕ್ ಎಂಬ ಯುವಕನನ್ನು ತಂದರು. ಕೊಡುಕೊಳ್ಳುವುದರಲ್ಲಿ ಇನ್ನೊಬ್ಬ ಆಟಗಾರ, ಇನ್ನೊಂದು ಸರದಿಯೂ ಇದ್ದವು. ಹಿಕ್ ಕೆಟ್ಟ ಆಟಗಾರನೇನಲ್ಲ. ಆದರೆ 1970-71ರ ಋತುವಿನಲ್ಲಿ ಸೀಲ್ಸ್ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು, ಅವರದಾಗಬೇಕಿದ್ದ ಮೊದಲ ಆಯ್ಕೆ ಮಾಂಟ್ರಿಯಲ್ ಪಾಲಾಯಿತು. ಮಾಂಟ್ರಿಯಲ್ಲಿನ ಚಾಣಾಕ್ಷ ವ್ಯವಸ್ಥಾಪಕ ಸ್ಯಾಮ್ ಪೊಲಾಕ್, ಲಾಸ್ ಏಂಜಲಿಸ್ ತಂಡ ಸೀಲ್ಸ್‌ಗಿಂತ ಕೆಳಗೆ ಜಾರಿಬಿಟ್ಟೀತೆಂದು ಹೆದರಿ, ನಡುವೆಯೇ ತನ್ನ ಅನುಭವಿ ಆಟಗಾರ ರಾಲ್ಫ್ ಬ್ಯಾಕ್‌ಸ್ಟ್ರಾಮ್‌ನನ್ನು ಅವರಿಗೆ ಕಳಿಸಿಕೊಟ್ಟ ಎಂಬ ಕಥೆಯನ್ನು ಹಾಕಿ ಬಲ್ಲವರು ಈಗಲೂ ಹೇಳುತ್ತಾರೆ. ಹೀಗೆ ಸಿಕ್ಕ ಹುಡುಗನೇ ಗೀ ಲಾಫ್ಲರ್. ಮಾಂಟ್ರಿಯಲ್ ಅವನೊಡನೆ ಐದು ಸಲ ಸ್ಟ್ಯಾನ್ಲಿ ಕಪ್ ಗೆದ್ದಿತು, ಮೊದಲನೆಯದು ನಮ್ಮ ಕೂಟ ಹುಟ್ಟಿದ 1973ರಲ್ಲೇ. ಓಕ್ಲೆಂಡಿನವರು 1976ರಲ್ಲಿ ಗಂಟುಮೂಟೆ ಕಟ್ಟಿ ಕ್ಲೀವ್‌ಲೆಂಡಿಗೆ ಹೋದರು. ಎರಡು ವರ್ಷದಲ್ಲಿ ಮಿನೆಸೋಟ ತಂಡದೊಳಗೆ ಕರಗಿಹೋದರು.

ಆ ತಂಡದಲ್ಲಿ ಪಾಲು ಹೊಂದಿದ್ದ ಜಾರ್ಜ್ ಗುಂಡ್ ಮಾತ್ರ ಬೇ ಏರಿಯಾವನ್ನು ಮರೆತಿರಲಿಲ್ಲ. ಅವರೂ ಅವರ ತಮ್ಮ ಗಾರ್ಡನ್ನರೂ ಮಿನೆಸೋಟದಿಂದ ಹಿಸ್ಸೆ ಪಡೆದವರ ಹಾಗೆ ಕೆಲವು ಆಟಗಾರರನ್ನು ತಂದು 1991ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ಕಟ್ಟಿದರು. ಮೊದಲೆರಡು ವರ್ಷ ಡೇಲಿ ಸಿಟಿಯ ಕೌ ಪ್ಯಾಲೆಸ್‌ನಲ್ಲಿ ಆಟ. ಗೋವಿನ ಅರಮನೆ ಎಂಬ ಹೆಸರು ಕೇಳಿ ನಮ್ಮವರು ನಕ್ಕದ್ದುಂಟು. ಎರಡನೆಯ ವರ್ಷ 71 ಪಂದ್ಯ ಸೋತು ದಾಖಲೆ ಮಾಡಿದರು. 1993ರಲ್ಲಿ ಸ್ಯಾನ್ ಹೋಸೆಯ ಹೊಸ ಅಂಗಳಕ್ಕೆ ಬಂದರು. 1994ರಲ್ಲಿ ಎಂಟನೆಯ ಶ್ರೇಯಾಂಕದಿಂದ ಬಂದು ಬಲಾಢ್ಯ ಡೆಟ್ರಾಯಿಟ್ ತಂಡವನ್ನು ಮನೆಗೆ ಕಳಿಸಿದರು. ಕಚೇರಿಯ ಕಾಫಿ ಕೋಣೆಯಲ್ಲಿ ಹಾಕಿಯ ಮಾತು ಕಿವಿಗೆ ಬೀಳತೊಡಗಿದ್ದು ಆಗಿನಿಂದ.

ಆ ಮಾತಿನಲ್ಲಿ ಮುಕ್ಕಾಲು ಪಾಲು ಆಟದ್ದಲ್ಲ, ಗಾಳಿಸುದ್ದಿಯದು. ಫೆಬ್ರವರಿ ಮಾರ್ಚಿನ ವಿನಿಮಯದ ಗಡುವು ಹತ್ತಿರ ಬಂದಂತೆ ಯಾರನ್ನು ಎಲ್ಲಿಗೆ ಕಳಿಸುತ್ತಾರೆ, ಬದಲಿಗೆ ಯಾವ ಹುಡುಗ ಬರುತ್ತಾನೆ ಎಂಬ ಲೆಕ್ಕಾಚಾರ ಮದುವೆ ಮನೆಯ ಮಾತಿನಂತೆ ಬೆಳೆಯುತ್ತದೆ. 2005ರಿಂದ ಸಂಬಳಕ್ಕೆ ಮಿತಿ ಬಂದ ಮೇಲಂತೂ ಲೆಕ್ಕಪರಿಶೋಧಕರೂ ಪಂಡಿತರಾದರು. ನಾವು ಗಮನಿಸಿದ್ದೇನೆಂದರೆ, ದೊಡ್ಡ ವಿನಿಮಯಗಳು ಎಷ್ಟೋ ಸಲ ಸದ್ದಿಲ್ಲದೆ ಆಗಿವೆ. 2005ರ ನವೆಂಬರ್ 30ರಂದು ಬಾಸ್ಟನ್ ತನ್ನ ನಾಯಕ ಜೋ ಥಾರ್ನ್‌ಟನ್‌ನನ್ನು ಮೂವರು ಆಟಗಾರರಿಗಾಗಿ ಶಾರ್ಕ್ಸ್‌ಗೆ ಕೊಟ್ಟಾಗ ಎರಡೂ ಊರು ಬೆರಗಾದವು. ಆ ಋತುವಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಅವನಿಗೇ ಬಂತು. 2024ರ ಮಾರ್ಚಿನಲ್ಲಿ, ಶಾರ್ಕ್ಸ್ ತಾವೇ ಆರಿಸಿ ಬೆಳೆಸಿದ್ದ ತೋಮಾಶ್ ಹೆರ್ಟ್ಲ್‌ನನ್ನು ಗಡುವಿನ ಕೊನೆಯ ಗಳಿಗೆಯಲ್ಲಿ ಲಾಸ್ ವೇಗಸ್‌ಗೆ ಕಳಿಸಿದ್ದೂ ಹಾಗೆಯೇ. ಬದಲಿಗೆ ಬಂದ ಎಡ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ಹುಡುಗ ಇಲ್ಲಿ ಒಂದು ಪಂದ್ಯವನ್ನೂ ಆಡದೆ, ಆಗಸ್ಟ್ ವೇಳೆಗೆ ಮತ್ತೊಂದು ವ್ಯವಹಾರದಲ್ಲಿ ನ್ಯಾಶ್ವಿಲ್ ಸೇರಿದ. ಕೆಲವು ಹಿರಿಯ ಆಟಗಾರರು ಒಪ್ಪಿಗೆಯಿಲ್ಲದೆ ತಮ್ಮನ್ನು ಕಳಿಸಕೂಡದೆಂದು ಕರಾರಿನಲ್ಲೇ ಬರೆಸಿಕೊಳ್ಳುತ್ತಾರೆ. ನಮ್ಮ ಕಚೇರಿಗಳಲ್ಲಿ ಅಂಥ ಸಾಲನ್ನು ಕಂಡವರಿದ್ದರೆ ತಿಳಿಸಬೇಕು.

ಲಾಫ್ಲರ್ ಪಾಠ ಮರೆತೂಹೋಯಿತು. 2018ರಲ್ಲಿ ಎರಿಕ್ ಕಾರ್ಲ್‌ಸನ್ ಎಂಬ ಖ್ಯಾತ ರಕ್ಷಣೆಗಾರನಿಗಾಗಿ ಶಾರ್ಕ್ಸ್, ಜಾಶ್ ನಾರಿಸ್ ಎಂಬ ಎಳೆಯನೂ ಸೇರಿದಂತೆ ಹಲವರನ್ನು ಆಟವಾ ತಂಡಕ್ಕೆ ಒಪ್ಪಿಸಿತು. ಜೊತೆಗೆ ಒಂದು ಮೊದಲ ಸುತ್ತಿನ ಸರದಿ. 2019ರಲ್ಲಿ ಪಶ್ಚಿಮ ವಿಭಾಗದ ಫೈನಲ್ ಆಡಿದರು, ನಿಜ. ಮರುವರ್ಷ ಕುಸಿದರು. ಕೊಟ್ಟಿದ್ದ ಸರದಿ 2020ರ ಮೂರನೆಯ ಆಯ್ಕೆಯಾಯಿತು, ಅದರಲ್ಲಿ ಜರ್ಮನಿಯ ಟಿಮ್ ಸ್ಟುಟ್ಸ್‌ಲೆ ಆಟವಾ ಸೇರಿದ. ಐವತ್ತು ವರ್ಷದ ಅಂತರದಲ್ಲಿ, ಕೊಲ್ಲಿಯ ಆಚೆ ದಡದಲ್ಲಿ ನಡೆದದ್ದು ಈಚೆ ದಡದಲ್ಲೂ ನಡೆಯಿತು. 2016ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ತನಕ ಹೋಗಿದ್ದ ತಂಡ 2023-24ರಲ್ಲಿ ಬರೇ 19 ಪಂದ್ಯ ಗೆದ್ದು ಎಲ್ಲರಿಗಿಂತ ಕೆಳಗೆ ನಿಂತಿತು.

ನಮ್ಮ ಕೊಡಗಿನಲ್ಲಿ ಡ್ರಾಫ್ಟೂ ಇಲ್ಲ, ಸರದಿಯೂ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನದ ಹೆಸರೇ ತಂಡದ ಹೆಸರು. ಮೊದಲ ವರ್ಷ 60 ಕುಟುಂಬಗಳು, 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಲ್ಲಿ ಆಟಗಾರ ಬೆಳೆಯುವುದು ಅಂಗಳದಲ್ಲಿ, ಆಮೇಲೆ ಕೂಡಿಗೆ, ಪೊನ್ನಂಪೇಟೆಗಳ ಕ್ರೀಡಾ ಶಾಲೆ, ವಸತಿ ನಿಲಯಗಳಲ್ಲಿ. ಆದರೆ ಕೊಡಗಿನವರಿಗೂ ಹರಾಜು ಹೊಸದಲ್ಲ. 2012ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜಿನಲ್ಲಿ ವಿ. ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76,000 ಡಾಲರಿಗೆ ಕೊಂಡಿತು.

ಇಲ್ಲಿನ ಹುಡುಗರು ಬೆಳೆಯುವ ಬಗೆಯಲ್ಲಿ ನಮಗೆ ಹಿಡಿಸಿದ್ದು ಒಂದಿದೆ. ಹದಿನಾರರ ಆಸುಪಾಸಿನಲ್ಲೇ ಅವರು ದೂರದ ಊರಿನ ಕಿರಿಯರ ತಂಡ ಸೇರುತ್ತಾರೆ, ಅಲ್ಲಿ ಯಾರದೋ ಮನೆಯಲ್ಲಿ ಊಟ, ನಿದ್ರೆ, ಪಾಠ. ನಮ್ಮ ತಂದೆ ಅಜ್ಜಂದಿರು ಮೈಸೂರು ಬೆಂಗಳೂರುಗಳಲ್ಲಿ ವಾರಾನ್ನ ಉಂಡು ಓದಿದ್ದು ಇದರಿಂದ ತೀರ ದೂರವೇನಲ್ಲ. 1997ರಲ್ಲಿ ಎರಡನೆಯ ಆಯ್ಕೆಯಾಗಿ ಶಾರ್ಕ್ಸ್‌ಗೆ ಬಂದ ಪ್ಯಾಟ್ರಿಕ್ ಮಾರ್ಲೋ, ಕೆನಡಾದ ಆನೆರಾಯ್ಡ್ ಎಂಬ ಹಳ್ಳಿಯ ಕಡೆಯ ರೈತರ ಮಗ. ಹದಿನೆಂಟರ ಆ ಹುಡುಗನನ್ನು ತಂಡದ ಹಿರಿಯ ಗೋಲಿ ಕೆಲ್ಲಿ ಹ್ರೂಡಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಹೋಟೆಲಿನಲ್ಲಿ ಬಿಟ್ಟಿದ್ದರೆ ಏನಾಗುತ್ತಿತ್ತೋ. ಮಾರ್ಲೋ 1,779 ಪಂದ್ಯ ಆಡಿ 2021ರಲ್ಲಿ ಗಾರ್ಡಿ ಹೋ ಅವರ ದಾಖಲೆ ಮುರಿದರು. ಆ ಡ್ರಾಫ್ಟಿನ ಮೊದಲ ಆಯ್ಕೆ ಥಾರ್ನ್‌ಟನ್ನೇ.

2024ರ ಲಾಟರಿಯಲ್ಲಿ ಈ ಸಲ ಚೀಟಿ ಶಾರ್ಕ್ಸ್ ಕೈಯಲ್ಲೇ ಇತ್ತು. ಆರಿಸಿದ್ದು ಮ್ಯಾಕ್ಲಿನ್ ಸೆಲೆಬ್ರಿನಿಯನ್ನು. ತಂದೆ ಇಲ್ಲಿಯ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡದ ಕೆಲಸಕ್ಕೆಂದು ಕೆನಡಾದಿಂದ ವಲಸೆ ಬಂದವರು. ಮಗ ಚಿಕ್ಕಂದಿನಲ್ಲಿ ಸ್ಯಾನ್ ಹೋಸೆಯ ಕಿರಿಯರ ತಂಡದಲ್ಲೇ ಆಡಿದವನು. ನಮ್ಮ ಕೆಲವು ಮನೆಗಳ ಮಕ್ಕಳೂ ಬೆಳಗಿನ ಐದಕ್ಕೆ ತೂಕಡಿಸುವ ತಂದೆಯ ಕಾರಿನಲ್ಲಿ ರಿಂಕಿಗೆ ಹೋಗುತ್ತಾರೆ, ಆದ್ದರಿಂದ ಈ ಸುದ್ದಿ ಅವರಿಗೆ ಹಬ್ಬದ ಸುದ್ದಿ. ಸೆಲೆಬ್ರಿನಿಯ ಜೊತೆಗೇ ಕಾಲಿಟ್ಟ ವಿಲ್ ಸ್ಮಿತ್ 2023ರ ನಾಲ್ಕನೆಯ ಆಯ್ಕೆ. ಮೊದಲ ಋತುವಿನಲ್ಲಿ ಇಬ್ಬರಿಗೂ ಮನೆ ಹುಡುಕುವ ಕಷ್ಟ ಬರಲಿಲ್ಲ. ಸೆಲೆಬ್ರಿನಿ ಥಾರ್ನ್‌ಟನ್ನರ ಮನೆಯಲ್ಲಿ ಉಳಿದ. ಸ್ಮಿತ್ ಮಾರ್ಲೋ ಅವರ ಮನೆಯಲ್ಲಿ, ಅವರ ನಾಲ್ವರು ಗಂಡುಮಕ್ಕಳ ಜೊತೆಗೆ ಐದನೆಯವನಾಗಿ.